ಬೀಗ ಹಾಕಿದ ಮನೆಗಳು

ನಾವಿರುವ ಉಲ್ಹಾಸನಗರವು ಮನೆ ಕಳೆದುಕೊಂಡವರು ಕಟ್ಟಿದ ಊರು. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಬ್ಯಾರಕುಗಳಲ್ಲಿ, 1947ರ ದೇಶವಿಭಜನೆಯಿಂದ ನಿರಾಶ್ರಿತರಾದ ಸಿಂಧಿ ಬಾಂಧವರು ನೆಲೆ ನಿಂತರು. 1949ರಲ್ಲಿ ಊರಿಗೆ ಈ ಹೆಸರು ಬಂದಿತು. ಅವರ ಹಿರಿಯರ ಮನೆಗಳು ಗಡಿಯಾಚೆ ಉಳಿದವು. ನಮ್ಮ ಮನೆಗಳಾದರೋ ಒಂದು ರಾತ್ರಿಯ ರೈಲುಪ್ರಯಾಣದ ದೂರದಲ್ಲಿವೆ. ಆದರೂ ಅವುಗಳಿಗೆ ಬೀಗ ಜಡಿದು ಗೆದ್ದಲಿಗೆ ಒಪ್ಪಿಸಿದವರು ನಾವೇ ಅಲ್ಲವೇ?

ನಮ್ಮ ಕರಾವಳಿಯ ಚೌಕಿ ಮನೆಯನ್ನು ನೆನೆಯಿರಿ. ನಡುವೆ ಆಕಾಶಕ್ಕೆ ತೆರೆದ ಅಂಗಳ. ಸುತ್ತಲೂ ಜಗಲಿ, ಚಾವಡಿ. ಮರದ ಕಂಬಗಳು, ದಪ್ಪನೆಯ ಗೋಡೆಗಳು. ಇಳಿಜಾರಾದ ಮಾಡು ಆಷಾಢದ ಮಳೆಯನ್ನು ನಿಲ್ಲಗೊಡದು. ಅಂಗಳವು ಗಾಳಿಬೆಳಕುಗಳನ್ನು ಒಳಕೋಣೆಗಳಿಗೆ ಹಂಚುವುದು. ಹಳ್ಳಿಯ ಬಡಗಿಯ ಈ ಲೆಕ್ಕಾಚಾರ ಯಾವ ಇಂಜಿನಿಯರನಿಗೂ ಕಡಿಮೆಯದಲ್ಲ. 1816ರ ಕುಂಜೂರು ಚೌಕಿ ಮನೆ ಅಂಥದೊಂದು. ಬ್ಯಾಂಕ್ ನೌಕರರಾಗಿದ್ದ ದಿವಂಗತ ವಿಜಯನಾಥ ಶೆಣೈಯವರು ಅದನ್ನು ಬಿಡಿಸಿ ತಂದು, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ನಮ್ಮಂತೆ ಸಂಬಳಕ್ಕೆ ದುಡಿದವರೊಬ್ಬರು ಇಷ್ಟನ್ನು ಸಾಧಿಸಿದರು.

ಪರದೇಶದ ಮಾತೊಂದುಂಟು. ಸ್ಕಾಟ್‌ಲೆಂಡಿನ ವಿಲಿಯಂ ಫೋರ್ಬ್ಸ್ ಎಂಬ ವರ್ತಕ ಬಾಲ್ಟಿಕ್ ಸಮುದ್ರದ ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಕ್ರೇಗಿವಾರ್ ಎಂಬ ಗೋಪುರದ ಮನೆಯನ್ನು 1626ರಲ್ಲಿ ಪೂರ್ತಿಗೊಳಿಸಿದನು. ದೂರದಲ್ಲಿ ದುಡಿದು ಊರಲ್ಲಿ ಮನೆ ಕಟ್ಟುವುದು ನಮ್ಮವರದೇ ರೀತಿಯಲ್ಲವೇ? ಅದನ್ನು ಉಳಿಸಿಕೊಳ್ಳುವ ಭಾರ 1963ರಲ್ಲಿ ಅಲ್ಲಿಯ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಆ ಮನೆ ಇಂದೂ ನಿಂತಿದೆ.

ಮಾರುವವರನ್ನು ನಾವು ದೂರುವುದಿಲ್ಲ. ಹೋಟೆಲಿನ ಸಂಬಳದಲ್ಲಿ ಮಕ್ಕಳ ಶುಲ್ಕ ಕಟ್ಟಬೇಕೋ, ಹಂಚು ಬದಲಿಸಬೇಕೋ? ನಾವೂ ನಮ್ಮ ಪಾಲಿಗೆ ಬಂದ ಚಾವಡಿಯ ಕೆತ್ತನೆಯ ಬಾಗಿಲನ್ನು ಮಾರಿದವರೇ. ಆ ಹಣ ಹೋಟೆಲಿಗೆ ಗ್ರೈಂಡರಾಯಿತು. ಗ್ರೈಂಡರ್ ಎಂದೋ ಗುಜರಿಗೆ ಹೋಯಿತು. ಬಾಗಿಲು ಎಲ್ಲಿದೆಯೋ ತಿಳಿಯದು.

ಆದುದರಿಂದ ವಾಚಕರಲ್ಲಿ ನಮ್ಮ ಅರಿಕೆ ಇಷ್ಟೇ. ಈ ಬಾರಿ ರಜೆಗೆ ಹೋದಾಗ ಬೀಗ ತೆಗೆಯಿರಿ. ಒಡೆದ ಹಂಚು ಬದಲಿಸಿರಿ. ಪಾಲುದಾರರು ಜಗಲಿಯಲ್ಲಿ ಒಟ್ಟಿಗೆ ಕುಳಿತು ಖರ್ಚು ಹಂಚಿಕೊಳ್ಳಿರಿ. ಮಾರಲೇಬೇಕಾದರೆ, ಮೊದಲು ಕೋಣೆಗಳನ್ನು ಅಳೆದು ನಕ್ಷೆ ಬರೆದಿಡಿರಿ, ಭಾವಚಿತ್ರ ತೆಗೆಯಿರಿ. ಕಟ್ಟಿದವರ ಹೆಸರನ್ನು ಅಜ್ಜಿಯಿಂದ ಕೇಳಿ ದಾಖಲಿಸಿರಿ. ನೆರೆಯ ಸಿಂಧಿ ಮುದುಕರಿಗೆ ದೊರೆಯದ ಈ ಭಾಗ್ಯ ನಮಗಿನ್ನೂ ಇದೆ. ಅದನ್ನು ಗೆದ್ದಲಿಗೆ ಬಿಟ್ಟುಕೊಡುವುದು ಬೇಡ.