ಕೆಂಪು ದೀಪದ ಸಾಕ್ಷ್ಯ: ರಾಜ್ಯದ ಸಾರಿಗೆ ಆಯುಕ್ತರಿಗೆ ಹೊನ್ನವಳ್ಳಿಯಿಂದ ಒಂದು ಬಹಿರಂಗ ಪತ್ರ

ಮಾನ್ಯರೆ,

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯಲ್ಲಿ ತೆಂಗಿನ ತೋಟವನ್ನು ನಂಬಿ ಬಾಳುತ್ತಿರುವ ನಾನು, ವಾಹನಗಳ ಯೋಗ್ಯತಾ ಪರೀಕ್ಷೆಯಲ್ಲಿ ಪರೀಕ್ಷಕರ ಗಮನಕ್ಕೆ ಬೀಳದೆ ಉಳಿದುಹೋಗುತ್ತಿರುವ ಒಂದು ಸಣ್ಣ ದೀಪದ ವಿಷಯವಾಗಿ ತಮ್ಮಲ್ಲಿ ವಿಜ್ಞಾಪಿಸಿಕೊಳ್ಳುತ್ತಿದ್ದೇನೆ. ಚಾಲಕನ ಎದುರಿನ ಫಲಕದಲ್ಲಿ, ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯನ್ನು ಧರಿಸಿ ಕೆಂಪಗೆ ಹೊತ್ತಿಕೊಳ್ಳುವ ಬ್ರೇಕಿನ ದೀಪವೇ ಅದು.

ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ಚಿಪ್ಪಿನೊಳಗೇ ಒಣಗಿ ಉಂಡೆಯಾದ ಕೊಬರಿ ತಿಪಟೂರಿನ ಮಂಡಿಗೆ ಸಾಗುವುದೂ, ಸುಲಿದ ಮಟ್ಟೆ ನಾರಿನ ಕಾರ್ಖಾನೆಗೆ ಹೋಗುವುದೂ, ಎಳನೀರು ದೂರದ ಪಟ್ಟಣಗಳ ದಾರಿ ಹಿಡಿಯುವುದೂ ಎಲ್ಲವೂ ಗೂಡ್ಸ್ ಗಾಡಿಗಳಲ್ಲಿಯೇ. ಅದೇ ರಸ್ತೆಗಳಲ್ಲಿ ಶಾಲೆಯ ಮಕ್ಕಳು ನಡೆಯುತ್ತಾರೆ, ತೋಟದ ಕೂಲಿಯಿಂದ ಹೆಂಗಸರು ಕತ್ತಲಾಗುವ ಹೊತ್ತಿಗೆ ಮನೆಗೆ ಮರಳುತ್ತಾರೆ. ಹೀಗಿರುವಲ್ಲಿ ಗಾಡಿ ಓಡುವುದಕ್ಕಿಂತ ಅದು ನಿಲ್ಲಬೇಕಾದಲ್ಲಿ ನಿಲ್ಲುವುದು ನಮಗೆ ಹೆಚ್ಚು ಮುಖ್ಯವೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 56ನೆಯ ಪ್ರಕರಣದಂತೆ, ಯೋಗ್ಯತಾ ಪತ್ರವಿಲ್ಲದ ಸಾರಿಗೆ ವಾಹನಕ್ಕೆ ನೋಂದಣಿ ಇದ್ದೂ ಇಲ್ಲದ ಹಾಗೆ. ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷವೂ ಆ ಪತ್ರವನ್ನು ನವೀಕರಿಸಬೇಕು. ಜನರ ಮಾತಿನಲ್ಲಿ ಇದು ಎಫ್.ಸಿ. ಮಾಡಿಸುವುದು. ಸ್ವಂತ ಕಾರಿನ ಸಂಗತಿ ಬೇರೆ. ಅದರ ನೋಂದಣಿ 15 ವರ್ಷಗಳಿಗೆ ಊರ್ಜಿತವಾಗಿರುವುದರಿಂದ, ಅಷ್ಟು ದೀರ್ಘಕಾಲ ಅದು ಇಂಥದೊಂದು ಪರೀಕ್ಷೆಗೆ ಒಳಪಡಬೇಕಾಗಿಲ್ಲ. ಆ ಅವಧಿಯಲ್ಲಿ ಅದರ ಬ್ರೇಕಿಗೆ ನಿತ್ಯದ ಪರೀಕ್ಷಕನೆಂದರೆ ಈ ದೀಪವೊಂದೇ.

ದೀಪ ಹೊತ್ತುವುದೇತಕ್ಕೆಂಬುದನ್ನು ತಾವು ಬಲ್ಲಿರಿ. ಆದರೂ ಈ ಪತ್ರವನ್ನು ನನ್ನ ಊರಿನವರೂ ಓದುವರಾದ್ದರಿಂದ ಎರಡು ಮಾತು ಹೇಳುತ್ತೇನೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಅದು ಹೊತ್ತುತ್ತದೆ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಇಳಿದರೂ ಹೊತ್ತುತ್ತದೆ. ಮಟ್ಟ ಇಳಿಯುವುದಕ್ಕೆ ಎಲ್ಲಿಯೋ ಸೋರಿಕೆ ಇರಬಹುದು. ಇಲ್ಲವೆ ಚಕ್ರದ ಬಳಿಯ ಪ್ಯಾಡುಗಳು ಸವೆದು, ಸವೆದಷ್ಟು ಸ್ಥಳವನ್ನು ತುಂಬಲು ಆಯಿಲು ಕೆಳಗೆ ಇಳಿದಿರಬಹುದು. ಇಂಥ ಸಮಯದಲ್ಲಿ ಕಾರಣವನ್ನು ಹುಡುಕದೆ ಡಬ್ಬಿಗೆ ಮೇಲಿಂದ ಆಯಿಲು ಸುರಿದರೆ ದೀಪ ಆರುತ್ತದೆ, ಸವೆದ ಪ್ಯಾಡು ಸವೆದೇ ಇರುತ್ತದೆ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಗೆ ಬೇರೊಂದು ಹಳದಿ ದೀಪವುಂಟು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲೆಲ್ಲ ಆ ವ್ಯವಸ್ಥೆ ಕಡ್ಡಾಯವಾದಂದಿನಿಂದ ಈ ದೀಪವೂ ನಮ್ಮ ಹಳ್ಳಿಗಳಿಗೆ ಪರಿಚಿತವಾಗಿದೆ. ಹಳದಿ ದೀಪವೊಂದೇ ಹೊತ್ತಿದರೆ ಸಾಮಾನ್ಯವಾಗಿ ಬ್ರೇಕು ಹಿಡಿಯುತ್ತದೆ, ಆದರೆ ಜೋರಾಗಿ ತುಳಿದಾಗ ಚಕ್ರ ಕಚ್ಚಿಕೊಂಡು ಗಾಡಿ ಜಾರಬಹುದು. ಕೆಂಪು ದೀಪ ಹೊತ್ತಿದ್ದು ಹ್ಯಾಂಡ್ ಬ್ರೇಕ್ ಇಳಿಸಿದರೂ ಆರದಿದ್ದರೆ ಗಾಡಿಯನ್ನು ಮುಂದಕ್ಕೆ ಕೊಂಡೊಯ್ಯಲೇಬಾರದು.

ದೀಪ ಎಲ್ಲವನ್ನೂ ಹೇಳುವುದಿಲ್ಲವೆಂಬುದೂ ನಿಜವೆ. ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ಹೀರುವ ದ್ರವ. ಡಾಟ್-3 ವರ್ಗದ ಆಯಿಲು ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕೆಂಬುದು ನಿಯಮ, ತೇವ ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ತುಂಬಿದ ಗಾಡಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಮದಲಿಂಗನ ಕಣಿವೆಯಂಥ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ತುಳಿಯುತ್ತ ಇಳಿಯುವಾಗ ಹಳೆಯ ಆಯಿಲು ಕುದಿದು ಆವಿಯಾದರೆ, ಪೆಡಲು ಬರಿದೆ ಕೆಳಕ್ಕೆ ಹೋಗುತ್ತದೆ. ದೀಪ ಅದನ್ನು ಮುಂದಾಗಿ ತಿಳಿಸಲಾರದು. ಆದುದರಿಂದಲೇ, ಅದು ತಿಳಿಸಬಲ್ಲಷ್ಟನ್ನಾದರೂ ನಾವು ಕಿವಿಗೊಟ್ಟು ಕೇಳಬೇಕೆಂಬುದು ನನ್ನ ವಾದ.

ಈಗ ನಡೆಯುತ್ತಿರುವುದೇನು? ಎಫ್.ಸಿ.ಯ ದಿನ ಹತ್ತಿರ ಬಂದಾಗ ಗಾಡಿಗೆ ಬಣ್ಣ ಬಳಿದು, ಹಿಂದೆ ಮುಂದೆ ಹೊಳೆಯುವ ಪಟ್ಟಿ ಅಂಟಿಸಿ, ಹೊತ್ತಿಕೊಂಡೇ ಇರುವ ಕೆಂಪು ದೀಪಕ್ಕೆ ಮಾತ್ರ ಬಲ್ಬು ಕಿತ್ತೋ ತಂತಿ ಬಿಡಿಸಿಯೋ ಬಾಯಿ ಕಟ್ಟಿದ ಗಾಡಿಗಳನ್ನು ನಾನು ಕಂಡಿದ್ದೇನೆ. ಅವು ಯೋಗ್ಯತಾ ಪತ್ರ ಪಡೆದು ಮರಳಿದ್ದನ್ನೂ ಕಂಡಿದ್ದೇನೆ. ನಮ್ಮ ಮಂಡಿಯಲ್ಲಿ ಚೀಲದ ಹೊಲಿಗೆ ನೋಡಿ ಕೊಬರಿಗೆ ಬೆಲೆ ಕಟ್ಟುವವರಿಲ್ಲ, ಕೈಯಿಕ್ಕಿ ಉಂಡೆಯನ್ನು ತೆಗೆದು ನೋಡಿಯೇ ಮಾತನಾಡುತ್ತಾರೆ. ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದ ಪರೀಕ್ಷೆ ಅದಕ್ಕಿಂತ ಮೇಲುಮೇಲಿನದಾಗಬಾರದು. ಗಾಡಿಯ ಮಾಲಿಕನನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಕಂತು ಕಟ್ಟಬೇಕಾದವನಿಗೆ ಒಂದು ದಿನ ಗಾಡಿ ನಿಂತರೂ ಮನೆ ನಡೆಯುವುದು ಕಷ್ಟ. ದೀಪ ಕಂಡರೆ ಪತ್ರ ಸಿಗದು, ಮತ್ತೆ ಅಲೆಯಬೇಕಾಗುತ್ತದೆಂಬ ಭಯವೇ ಅವನನ್ನು ಆ ಕೆಲಸಕ್ಕೆ ಪ್ರೇರಿಸುತ್ತದೆ.

ನೆಲಮಂಗಲದಲ್ಲಿರುವಂಥ ಯಂತ್ರಸಜ್ಜಿತ ಪರೀಕ್ಷಾ ಕೇಂದ್ರಗಳು ಎಲ್ಲೆಡೆ ಬಂದರೆ ಈ ಚಿಂತೆ ತಾನಾಗಿ ನೀಗುವುದೆಂದು ಕೆಲವರು ಹೇಳುವರು. ಅವು ಬರಲಿ. ಆದರೆ ಉರುಳೆಗಳ ಮೇಲೆ ಚಕ್ರವನ್ನಿಟ್ಟು ಅಳೆಯುವುದು ಆ ದಿನದ ಹಿಡಿತವನ್ನು. ಇಂದು ಚೆನ್ನಾಗಿ ಹಿಡಿಯುವ ಬ್ರೇಕಿನಿಂದ ನಾಳೆ ಆಯಿಲು ಸೋರಿದರೆ ತಿಳಿಸತಕ್ಕದ್ದು ದೀಪ. ಅದು ಜೀವಂತವಾಗಿದೆಯೆ ಎಂದು ನೋಡುವುದಕ್ಕೆ ಅರ್ಧ ನಿಮಿಷ ಸಾಕು: ಕೀಲಿ ತಿರುಗಿಸಿ ಹ್ಯಾಂಡ್ ಬ್ರೇಕ್ ಎಳೆದಾಗ ಹೊತ್ತಬೇಕು, ಎಂಜಿನ್ ಚಾಲೂ ಆಗಿ ಹ್ಯಾಂಡ್ ಬ್ರೇಕ್ ಇಳಿಸಿದಾಗ ಆರಬೇಕು. ಮೊದಲೇ ಹೊತ್ತದ ದೀಪ, ಆರದ ದೀಪದಷ್ಟೇ ದೋಷಯುಕ್ತವೆಂದು ಗಣಿಸಲ್ಪಡಬೇಕು. ಜೊತೆಗೆ ಪೆಡಲು ತುಳಿಸಿ ಹಿಂಬದಿಯ ಬ್ರೇಕ್ ಲೈಟುಗಳನ್ನೂ ನೋಡಬೇಕು. ಮಟ್ಟೆಯ ಲೋಡು ಇಳಿಬಿದ್ದು ಆ ಲೈಟುಗಳನ್ನು ಮುಚ್ಚಿದ ಗಾಡಿಯ ಹಿಂದೆ ಮುಸ್ಸಂಜೆಯಲ್ಲಿ ಬೈಕಿನ ಮೇಲೆ ಬರುವವನ ಗತಿಯೇನೆಂಬುದನ್ನು ರಸ್ತೆಯ ತಪಾಸಣೆಗೆ ನಿಲ್ಲುವ ಅಧಿಕಾರಿಗಳೂ ಯೋಚಿಸಬೇಕು.

ದೋಷ ಕಂಡುಬಂದಲ್ಲಿ ಅದೇನೆಂಬುದನ್ನು ಕನ್ನಡದಲ್ಲಿ ಬರೆದು ಮಾಲಿಕನ ಕೈಗೆ ಕೊಡಬೇಕು. ರಿಪೇರಿ ಮಾಡಿಸಿ ತಂದವನನ್ನು ಮಧ್ಯವರ್ತಿಯ ಹಂಗಿಲ್ಲದೆ, ವಿಳಂಬವಿಲ್ಲದೆ ಮರುಪರೀಕ್ಷೆಗೆ ತೆಗೆದುಕೊಳ್ಳಬೇಕು. ಇಷ್ಟಕ್ಕೆ ಹೊಸ ಕಾನೂನಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ, ತಮ್ಮ ಸಹಿಯುಳ್ಳ ಒಂದು ಸುತ್ತೋಲೆ ಸಾಕು. ಅದನ್ನು ಶೀಘ್ರವಾಗಿ ಹೊರಡಿಸಿ, ರಾಜ್ಯದ ಪ್ರತಿಯೊಂದು ಸಾರಿಗೆ ಕಚೇರಿಯ ಪರೀಕ್ಷಾ ಸ್ಥಳದಲ್ಲಿಯೂ ಜನರಿಗೆ ಕಾಣುವಂತೆ ತೂಗುಹಾಕಿಸಬೇಕೆಂದು ತಮ್ಮನ್ನು ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಹೊನ್ನವಳ್ಳಿಯ ಒಬ್ಬ ತೆಂಗು ಬೆಳೆಗಾರ