ಸುದ್ದಿಯ ಯುರೋಪ್ ಮತ್ತು ನಿಜವಾದ ಯುರೋಪ್

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನಿನ ವಿಚಾರ ಸುದ್ದಿಯಾದಾಗಲೆಲ್ಲ, ಯುರೋಪ್ ನಮ್ಮ ಕಾಫಿಯನ್ನು ನಿಷೇಧಿಸಿಬಿಡುತ್ತದೆ ಎಂಬ ಧಾಟಿಯೇ ಮೇಲಾಗಿ ಕೇಳಿಬರುತ್ತಿದೆ. 27 ದೇಶಗಳ ಕೂಟವೊಂದು ನಮ್ಮ ಮನಸ್ಸಿನಲ್ಲಿ ಅಂಗಡಿ ಬಾಗಿಲು ಹಾಕಲು ಹೊರಟ ಒಬ್ಬನೇ ಸಾಹುಕಾರನಂತೆ ಮೂಡಿದೆ. ಈ ಚಿತ್ರ ಸರಿಯಲ್ಲ. ಇದರಿಂದ ನಷ್ಟವಾಗುವುದು ಸಣ್ಣ ಬೆಳೆಗಾರನಿಗೇ ಎಂಬುದು ನಮ್ಮ ಅಭಿಪ್ರಾಯ.

2023ರಲ್ಲಿ ಬಂದ ಈ ಕಾನೂನು ಯಾವ ಬೆಳೆಯನ್ನೂ ನಿಷೇಧಿಸಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಮಾಲು ಬೇಡ, ಮಾಲು ಬೆಳೆದ ಜಾಗ ತೋರಿಸಿ ಎನ್ನುತ್ತದೆ. ಪುರಾವೆಯ ಹೊಣೆ ಅಲ್ಲಿಯ ಆಮದುದಾರನದು. ಮರದ ನೆರಳಿನಲ್ಲಿ ಬೆಳೆಯುವ ಹಳೆಯ ಕಾಫಿ ತೋಟ ಅದರ ಲೆಕ್ಕದಲ್ಲಿ ಕೃಷಿಭೂಮಿಯೇ ಹೊರತು ಕಾಡಲ್ಲ. ನಾಲ್ಕು ಹೆಕ್ಟೇರು ಮೀರದ ಜಮೀನಿಗೆ ನಕ್ಷೆಯಲ್ಲಿ ಒಂದು ಬಿಂದು ಗುರುತಿಸಿದರೆ ಸಾಕು. 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಲಾಗಿದೆ. ಇಂತಹ ಸಂಗತಿಗಳು ದಪ್ಪಕ್ಷರದ ತಲೆಬರಹದಲ್ಲಿ ಹಿಡಿಸುವುದಿಲ್ಲ.

ಒಕ್ಕೂಟದೊಳಗೂ ಒಮ್ಮತವಿಲ್ಲ. ತಮ್ಮ ರೈತರಿಗೆ ಹೊರೆಯಾಗುತ್ತದೆಂದು ಆಸ್ಟ್ರಿಯಾ ಮೊದಲಾದ ದೇಶಗಳೇ 2024ರಲ್ಲಿ ತಕರಾರು ತೆಗೆದವು. ಜಾರಿಯ ದಿನವನ್ನು 2024ರ ಡಿಸೆಂಬರಿನಲ್ಲಿ ಒಮ್ಮೆ, 2025ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಮುಂದೂಡಿದರು. ದೊಡ್ಡ ವ್ಯಾಪಾರಿಗಳಿಗೆ ಎರಡನೆಯ ಸಲ ಗೊತ್ತುಮಾಡಿದ ದಿನ 2026ರ ಡಿಸೆಂಬರ್ 30.

ಷರತ್ತಿಗೂ ನಿಷೇಧಕ್ಕೂ ಇರುವ ಅಂತರ ಬ್ಯಾಡಗಿಯವರಿಗೆ ಹೊಸದಲ್ಲ. 2003ರಲ್ಲಿ ಭಾರತದಿಂದ ಹೋದ ಮೆಣಸಿನಕಾಯಿ ಸರಕಿನಲ್ಲಿ ಸುಡಾನ್ ಎಂಬ ಕೃತಕ ಬಣ್ಣ ಸಿಕ್ಕಾಗ ಒಕ್ಕೂಟ ಕೇಳಿದ್ದು ಪರೀಕ್ಷಾ ಪತ್ರವನ್ನು. ಕಲಬೆರಕೆಗೆ ಹಾಕಿದ ಆ ತಡೆ, ಸ್ವಂತ ಬಣ್ಣಕ್ಕೇ ಹೆಸರಾದ ಬ್ಯಾಡಗಿ ಕಾಯಿಗೆ ವಿರುದ್ಧವಾದುದಲ್ಲ.

ಕಾಫಿ ಮಲೆನಾಡಿನವರ ಚಿಂತೆ ಎಂದು ಹಾವೇರಿ, ರಾಣೆಬೆನ್ನೂರು ಕಡೆಯ ಅಡಿಕೆ ಬೆಳೆಗಾರರು ಸುಮ್ಮನಿರುವಂತಿಲ್ಲ. ಕಾನೂನಿನ ಏಳು ಸರಕುಗಳಲ್ಲಿ ಅಡಿಕೆಯೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಆದರೆ ಗಾಳಿಮಾತಿಗೆ ಪಟ್ಟಿಯ ಹಂಗಿಲ್ಲ. ಹೊರದೇಶದಲ್ಲಿ ಕೊಳ್ಳುವವರಿಲ್ಲವಂತೆ ಎಂಬ ಮಾತು ಪೇಟೆಗೆ ಬಂದರೆ ಹೆದರಿದವನು ಮಾರುತ್ತಾನೆ, ತಿಳಿದವನು ಕೊಳ್ಳುತ್ತಾನೆ.

ಒಕ್ಕೂಟ ಮಾಡಿದ್ದೆಲ್ಲ ನ್ಯಾಯವೆಂದು ನಾವು ಹೇಳುತ್ತಿಲ್ಲ. ದಾಖಲೆಯ ಖರ್ಚು ಎರಡೆಕರೆಯವನ ತಲೆಗೆ ಬೀಳಬಾರದು. ಇದಕ್ಕಾಗಿ ಗಟ್ಟಿಯಾಗಿಯೇ ವಾದಿಸೋಣ. ವಾದಕ್ಕೆ ಆಧಾರ ಕಾನೂನಿನ ಮಾತಾಗಿರಲಿ, ಊಹೆಯಲ್ಲ.

ವಿದೇಶದ ಕಾನೂನನ್ನು ವರದಿ ಮಾಡುವಾಗ ಯಾವ ಬೆಳೆಗೆ, ಎಂದಿನಿಂದ, ಹೊಣೆ ಯಾರದು ಎಂಬ ಮೂರನ್ನು ತಪ್ಪದೆ ಕನ್ನಡದಲ್ಲಿ ತಿಳಿಸಬೇಕೆಂದು ಪತ್ರಿಕೆಗಳನ್ನು ಕೋರುತ್ತೇವೆ. ಸದಸ್ಯ ಬಾಂಧವರೂ ಸುದ್ದಿಗೆ ಈ ಮೂರು ಪ್ರಶ್ನೆ ಹಾಕಲಿ. ನಿಷೇಧವೆಂದು ಕೇಳಿ ಮಾಲು ಮಾರಿಕೊಳ್ಳುವುದೂ ಬೇಡ, ಮುಂದೂಡಿಕೆಯೆಂದು ಕೇಳಿ ಮೈಮರೆಯುವುದೂ ಬೇಡ. ಕಾಫಿ ಬೆಳೆಗಾರರು ಪಹಣಿ, ನಕ್ಷೆ ಸರಿಪಡಿಸಿಕೊಂಡು ಕಾಫಿ ಮಂಡಳಿಯಲ್ಲಿ ತೋಟದ ನೋಂದಣಿ ಮಾಡಿಸಿಕೊಳ್ಳಲಿ.