ನಾಯಿಯ ಆಯ್ಕೆ: ತಳಿಯ ಅಭಿಮಾನ, ಮನೆಯ ಮಿತಿ

2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಯ ನಾಯಿಗಳ ಮಾರಾಟ ಹಾಗೂ ಸಂತಾನವೃದ್ಧಿಯನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಆಲಿಸಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಸುತ್ತೋಲೆ ಹೋಯಿತು, ಆಯ್ಕೆಯ ಹೊಣೆ ಮನೆಯವರ ಮೇಲೆಯೇ ಉಳಿಯಿತು.

ಹೊರನಾಡ ಕನ್ನಡಿಗರಾದ ನಮಗೆ ಮುಧೋಳ ನಾಯಿಯ ಬಗೆಗೆ ಅಭಿಮಾನ ಸಹಜ. ಅದು 2005ರಲ್ಲಿ ಅಂಚೆಚೀಟಿಯನ್ನೇರಿತು. 2020ರಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲಿ ಪ್ರಶಂಸೆ ಪಡೆಯಿತು. ಆದರೆ ಬಯಲಿನಲ್ಲಿ ಬೇಟೆಯನ್ನು ಬೆನ್ನಟ್ಟಲೆಂದೇ ಬೆಳೆದುಬಂದ ಈ ತಳಿಗೆ ನಿತ್ಯವೂ ಓಟ ಬೇಕು. ಮುಂಬಯಿಯ ಪುಟ್ಟ ಫ್ಲ್ಯಾಟಿನಲ್ಲಿ ಅದನ್ನು ಕಟ್ಟಿಹಾಕುವುದು ನಾಡಪ್ರೇಮವೆನಿಸದು. ಹಿಮನಾಡಿನ ಹಸ್ಕಿಯನ್ನು ಚೆನ್ನೈಯ ಸೆಕೆಗೆ ತರುವುದೂ ಅನುಚಿತವೇ.

ಮನೆಗೆ ಹೊಂದದ ನಾಯಿ ಕೊನೆಗೆ ಬೀದಿಯನ್ನೋ ಆಶ್ರಯಧಾಮವನ್ನೋ ಸೇರುತ್ತದೆ. ನಾಯಿಯದು ಹತ್ತು ಹನ್ನೆರಡು ವರ್ಷಗಳ ಬಾಳು. ನಿತ್ಯ ಅದನ್ನು ಅಡ್ಡಾಡಿಸುವವರಾರು? ರಜೆಯಲ್ಲಿ ನಾವು ಊರಿಗೆ ಹೋದಾಗ ನೋಡಿಕೊಳ್ಳುವವರಾರು? ತಳಿಯ ಹೆಸರು ಕೇಳುವ ಮೊದಲು ಈ ಪ್ರಶ್ನೆಗಳಿಗೆ ಮನೆಮಂದಿಯೆಲ್ಲ ಕೂಡಿ ಉತ್ತರಿಸಬೇಕು.

ಅನಂತರವೂ ನಾಯಿ ಬೇಕೆನಿಸಿದರೆ, ಈ ನೆಲದ ಹವೆಗೆ ಒಗ್ಗಿದ ದೇಸಿ ಮರಿಯೊಂದನ್ನು ಆಶ್ರಯಧಾಮದಿಂದ ದತ್ತು ಪಡೆದು, ರೇಬೀಸ್ ಲಸಿಕೆ ಹಾಕಿಸಿ ಸಾಕೋಣ. ಬೆಲೆ ತೆತ್ತು ತಂದ ತಳಿಗಿಂತ ಅದರ ನಿಷ್ಠೆ ಕಡಿಮೆಯದಲ್ಲ.